ಬೇಸಿನ್ ಕೆಳಗಿನ ಆಂಗಲ್ ಕಾಕ್ ಎಷ್ಟು ಸುರಕ್ಷಿತ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಕಡೆ ಮನೆ ಕಟ್ಟಿಸುವವರು, ಪ್ಲಂಬರ್‌ಗಳು, ಮೆಕ್ಯಾನಿಕಲ್ ಓದುವ ಹುಡುಗ ಹುಡುಗಿಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಎಲ್ಲವೂ ಒಂದೇ ಸಣ್ಣ ವಸ್ತುವಿನ ಬಗ್ಗೆ. ಬೇಸಿನ್, ಫ್ಲಶ್ ಟ್ಯಾಂಕ್, ಗೀಸರ್ ಹತ್ತಿರ ಗೋಡೆಯಿಂದ ಹೊರಗೆ ಬಂದಿರುವ ಆಂಗಲ್ ಕಾಕ್. ಅದನ್ನು ಈಗಿನದಕ್ಕಿಂತ ಸುರಕ್ಷಿತವಾಗಿ ಮಾಡಬಹುದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಆಂಗಲ್ ಕಾಕ್ ಅಂದರೆ ಯಾವುದು? ನಲ್ಲಿಗೂ ಅದಕ್ಕೂ ಏನು ವ್ಯತ್ಯಾಸ?

ನಲ್ಲಿ ದಿನಾ ತಿರುಗಿಸುವುದಕ್ಕೆ ಇರುವುದು. ಆಂಗಲ್ ಕಾಕ್ ರಿಪೇರಿ ಮತ್ತು ಅವಘಡದ ಹೊತ್ತಿಗೆ ಇರುವುದು. ಗೋಡೆಯೊಳಗಿನ ಅರ್ಧ ಇಂಚಿನ ಪೈಪಿನಿಂದ ನೀರು ಇದರೊಳಗೆ ಬಂದು, ಮೂಲೆ ತಿರುಗಿ, ಕನೆಕ್ಷನ್ ಪೈಪ್ ಮೂಲಕ ಬೇಸಿನ್‌ಗೋ ಫ್ಲಶ್ ಟ್ಯಾಂಕಿಗೋ ಹೋಗುತ್ತದೆ. ಮನೆಗೆಲ್ಲ ನೀರು ನಿಲ್ಲಿಸದೆ ಒಂದೇ ಕಡೆ ನಿಲ್ಲಿಸಲು ಆಗುವುದು ಇದರಿಂದ ಮಾತ್ರ.

ಇಷ್ಟು ಸಣ್ಣ ಕಾಕ್‌ನಿಂದ ಏನು ಅಪಾಯ?

ಲೆಕ್ಕ ಹಾಕಿ ನೋಡೋಣ. ಎರಡಂತಸ್ತಿನ ಮನೆ, ತಾರಸಿ ಮೇಲೆ ಸ್ಟ್ಯಾಂಡ್, ಅದರ ಮೇಲೆ ಸಾವಿರ ಲೀಟರಿನ ಟ್ಯಾಂಕು. ಕೆಳಮನೆಯ ಬೇಸಿನ್ ಹತ್ತಿರ ಸುಮಾರು 8 ಮೀಟರ್ ಎತ್ತರದ ನೀರಿನ ಒತ್ತಡ ಇರುತ್ತದೆ. ಹತ್ತು ಮೀಟರ್ ನೀರು ಅಂದರೆ ಹೆಚ್ಚು ಕಡಿಮೆ ಒಂದು ಬಾರ್ (ಒತ್ತಡದ ಅಳತೆ). ಹಾಗಾಗಿ ಇಲ್ಲಿ 0.8 ಬಾರ್. ಕನೆಕ್ಷನ್ ಪೈಪಿನ ಒಳಗಿನ ತೂತು 8 ಮಿಲಿಮೀಟರ್ ಅಂತ ಹಿಡಿಯಿರಿ. ಆ ಪೈಪು ಕಿತ್ತು ಬಂದರೆ, ತಿರುವು ತಡೆಗಳನ್ನೆಲ್ಲ ಕಳೆದರೂ, ನಿಮಿಷಕ್ಕೆ ಸುಮಾರು 18 ಲೀಟರ್ ಸುರಿಯುತ್ತದೆ. ಒಂದು ಗಂಟೆಯ ಆಸುಪಾಸಿನಲ್ಲಿ ಟ್ಯಾಂಕು ಖಾಲಿ, ಮನೆ ತುಂಬಾ ನೀರು. ಪ್ರೆಶರ್ ಪಂಪ್ ಹಾಕಿಸಿದ್ದರೆ ಇದರ ಎರಡರಷ್ಟಾಗುತ್ತದೆ.

ನಮ್ಮ ಕಡೆ ಟ್ಯಾಂಕು ತುಂಬಿಸಿಕೊಳ್ಳುವುದೇ ಒಂದು ಕೆಲಸ ಅಲ್ವಾ? ನೀರು ಬಿಡುವ ದಿನ ಕಾದು, ಸಂಪು ತುಂಬಿಸಿ, ಮೇಲಕ್ಕೆ ಎತ್ತಿದ ನೀರದು. ನೆಲ, ಬೀರು, ಹಾಸಿಗೆ ನೆನೆಯುವುದು ಒಂದು ನಷ್ಟ. ಮುಂದಿನ ಸರದಿವರೆಗೆ ಬಳಸುವುದಕ್ಕೆ ನೀರಿಲ್ಲದಿರುವುದು ಇನ್ನೊಂದು. ಒದ್ದೆ ನೆಲದ ಮೇಲೆ ನೆಲಕ್ಕೆ ಹತ್ತಿರದ ಪ್ಲಗ್ ಪಾಯಿಂಟ್ ಇದ್ದರೆ ಅದು ಜೀವದ ಪ್ರಶ್ನೆ.

ಒಂದು ಕಾಕ್ ಸುರಕ್ಷಿತ ಅಂತ ಹೇಳುವುದು ಯಾವಾಗ?

ಐದು ವರ್ಷ ಯಾರೂ ಮುಟ್ಟದೆ ಬಿಟ್ಟಿದ್ದರೂ, ಬೇಕಾದ ದಿನ, ಮನೆಯಲ್ಲಿ ಇರುವ ಯಾರ ಕೈಯಿಂದಲಾದರೂ ಮುಚ್ಚಬೇಕು. ಅವತ್ತು ಮನೆಯಲ್ಲಿ ಅಜ್ಜಿ ಒಬ್ಬರೇ ಇರಬಹುದು. ಕರೆಂಟ್ ಹೋಗಿರಬಹುದು. ಕೈಗೆ ಸೋಪು ಹತ್ತಿರಬಹುದು. ಅಂಗಡಿಯಲ್ಲಿ ಹೊಸ ಕಾಕ್ ನಯವಾಗಿ ತಿರುಗುವುದು ನೋಡಿ ಖುಷಿಪಡುವುದು ಸುಮ್ನೆ. ಹೊಸದಾಗಿದ್ದಾಗ ಎಲ್ಲವೂ ತಿರುಗುತ್ತವೆ. ಮುಂದಿನ ಎಲ್ಲ ಉತ್ತರಗಳೂ ಈ ಒಂದು ಅಳತೆಯಿಂದಲೇ ಬರುತ್ತವೆ.

ನಮ್ಮ ಕಡೆ ಕಾಕ್‌ಗಳು ಯಾಕೆ ಇಷ್ಟು ಬೇಗ ಜಾಮ್ ಆಗುತ್ತವೆ?

ನೀರಿನಿಂದ. ದಾವಣಗೆರೆ ಊರೊಳಗೆ ತುಂಗಭದ್ರಾ ನದಿ ಮತ್ತು ಭದ್ರಾ ನಾಲೆಯ ನೀರು ಬರುತ್ತದೆ. ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಲ್ಲಿ ತುಂಬಿಟ್ಟು ಕೊಡುತ್ತಾರೆ. ಚಿತ್ರದುರ್ಗಕ್ಕೆ ಸೂಳೆಕೆರೆ ಮತ್ತು ಮಾರಿಕಣಿವೆಯಿಂದ ಬರುತ್ತದೆ. ಈ ನೀರು ಪರವಾಗಿಲ್ಲ. ಆದರೆ ಬಹಳ ಮನೆಗಳಲ್ಲಿ ಅದು ಕುಡಿಯುವುದಕ್ಕೆ, ಅಡುಗೆಗೆ ಸರಿಹೋಗುತ್ತದೆ. ಬಚ್ಚಲು, ಬೇಸಿನ್, ಫ್ಲಶ್‌ಗೆಲ್ಲ ಬೋರ್ ನೀರೇ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯ ಆಳದ ಬೋರ್‌ಗಳ ನೀರು ಗಡಸು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಿಮ್ಮ ಬೋರ್ ಎಷ್ಟಿದೆ ಅಂತ ಒಮ್ಮೆ ಪರೀಕ್ಷೆ ಮಾಡಿಸಿ. ಸ್ಟೀಲ್ ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ಪರೀಕ್ಷೆಗೂ ಮೊದಲೇ ಅರ್ಧ ಉತ್ತರ ಸಿಕ್ಕ ಹಾಗೆ.

ಆ ಬಿಳಿ ಪೊರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನದೇ ಜಾತಿ. ನೀರು ಬಿಸಿಯಾದಾಗ ಜಾಸ್ತಿ ಕೂರುತ್ತದೆ. ಹಾಗಾಗಿ ಗೀಸರ್‌ನ ಬಿಸಿನೀರಿನ ಕಡೆಯ ಕಾಕ್ ಮೊದಲು ಜಾಮ್ ಆಗುತ್ತದೆ.

ನಿಟುವಳ್ಳಿಯ ಒಂದು ಮನೆಯ ಬೇಸಿನ್ ಕೆಳಗಿನಿಂದ ಬಿಚ್ಚಿದ ಹಳೇ ಕಾಕ್ ಒಂದನ್ನು ವೈಸ್‌ಗೆ ಕಚ್ಚಿಸಿ ಗರಗಸದಲ್ಲಿ ಉದ್ದಕ್ಕೆ ಸೀಳಿದೆ. ಹೊರಗೆ ಕ್ರೋಮ್ ಹೊಳಪು ಹಾಗೇ ಇತ್ತು. ಒಳಗೆ ಸ್ಪಿಂಡಲ್ಲಿನ, ಅಂದರೆ ಹಿಡಿಯ ಜೊತೆ ತಿರುಗುವ ಕಡ್ಡಿಯ, ಥ್ರೆಡ್ ಕಾಣಲೇ ಇಲ್ಲ. ಅದರ ಸಂದಿಗಳಲ್ಲೆಲ್ಲ ಬಿಳಿ ಹಳದಿ ಗಾರೆ ತುಂಬಿತ್ತು. ಉಗುರಿನಿಂದ ಕೆರೆದರೆ ಬರಲಿಲ್ಲ, ಸ್ಕ್ರೂಡ್ರೈವರ್ ತುದಿಯಿಂದ ಚಕ್ಕೆ ಚಕ್ಕೆಯಾಗಿ ಎದ್ದಿತು. ರಬ್ಬರ್ ವಾಷರ್ ಅರ್ಧ ಕರಗಿ, ಉಳಿದರ್ಧ ಕಲ್ಲಿನಷ್ಟು ಗಟ್ಟಿ. ನೀರು ಹರಿಯುವ ದಾರಿ ಮಾತ್ರ ಸ್ವಚ್ಛವಾಗಿತ್ತು. ಪೊರೆ ಕೂತಿದ್ದು ನೀರು ನಿಂತ ಜಾಗದಲ್ಲಿ. ಯಾರೇ ಹೊಸ ಕಾಕ್ ವಿನ್ಯಾಸ ಮಾಡಲಿ, ಮೊದಲು ಹೀಗೆ ನಾಲ್ಕು ಹಳೇ ಕಾಕ್ ಸೀಳಿ ನೋಡಬೇಕು ಅಂತ ನಾನು ಹೇಳುವುದು ಇದಕ್ಕೇ.

ಹಾಗಾದರೆ ಒಳಗೆ ಯಾವ ಬಗೆಯ ಮುಚ್ಚಳ ಇರಬೇಕು?

ಪೇಟೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ.

ಹಳೆಯದು ಸುತ್ತಿ ಸುತ್ತಿ ಮುಚ್ಚುವುದು. ಸ್ಪಿಂಡಲ್ ಕೆಳಗಿಳಿದು ರಬ್ಬರ್ ವಾಷರನ್ನು ಸೀಟಿಗೆ, ಅಂದರೆ ನೀರಿನ ತೂತಿನ ಅಂಚಿಗೆ, ಒತ್ತುತ್ತದೆ. ರಿಪೇರಿ ಸುಲಭ, ವಾಷರ್ ಎಲ್ಲ ಕಡೆ ಸಿಗುತ್ತದೆ. ಆದರೆ ಥ್ರೆಡ್ ನೀರಿನಲ್ಲೇ ಇರುತ್ತದೆ, ಹಾಗಾಗಿ ಗಡಸು ನೀರಿಗೆ ಇದು ಮೊದಲ ಬಲಿ. ಮುಚ್ಚಿದೆಯೋ ಇಲ್ಲವೋ ನೋಡಿದರೆ ಗೊತ್ತಾಗುವುದಿಲ್ಲ. ಗಾಬರಿಯಲ್ಲಿ ಯಾವ ಕಡೆ ತಿರುಗಿಸಬೇಕು ಅನ್ನುವುದೂ ಮರೆತುಹೋಗುತ್ತದೆ.

ಎರಡನೆಯದು ಸೆರಾಮಿಕ್ ಡಿಸ್ಕ್. ಬೀಸುವ ಕಲ್ಲಿನ ಹಾಗೆ ಎರಡು ಬಿಲ್ಲೆ ಒಂದರ ಮೇಲೊಂದು ಕೂತಿರುತ್ತವೆ, ಕಾಲು ಸುತ್ತಿಗೆ ತೂತುಗಳು ಸೇರುತ್ತವೆ ಅಥವಾ ತಪ್ಪುತ್ತವೆ. ಮರಳಿಗೆ ಡಿಸ್ಕ್ ಗೀರಿ ಹೋಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಡಿಸ್ಕ್ ಮಾಡುವುದು ಸಾಮಾನ್ಯವಾಗಿ ಅಲ್ಯುಮಿನಾದಿಂದ. ವಸ್ತುಗಳ ಗಟ್ಟಿತನ ಅಳೆಯುವ ಮೋಸ್ ಪಟ್ಟಿಯಲ್ಲಿ ಅದು 9, ಮರಳಿನ ಕ್ವಾರ್ಟ್ಜ್ 7. ಹಾಗಾಗಿ ಮೊದಲು ಹಾಳಾಗುವುದು ಡಿಸ್ಕ್ ಕೆಳಗಿನ ರಬ್ಬರ್ ಸೀಲ್. ದಿನಾ ಬಳಸುವ ನಲ್ಲಿಗೆ ಇದು ಬಹಳ ಒಳ್ಳೆಯದು. ವರ್ಷಗಟ್ಟಲೆ ಮುಟ್ಟದ ಕಾಕ್‌ನಲ್ಲಿ ಎರಡು ಬಿಲ್ಲೆಗಳ ಅಂಚಿಗೆ ಪೊರೆ ಬೆಸೆದುಕೊಳ್ಳುತ್ತದೆ. ಆಗ ಬಲ ಹಾಕಿದರೆ ಒಳಗಿನ ಪ್ಲಾಸ್ಟಿಕ್ ಕಾಟ್ರಿಡ್ಜ್ ಮುರಿಯುತ್ತದೆ. ಹಿಡಿ ಮಾತ್ರ ಸುತ್ತುತ್ತದೆ, ನೀರು ನಿಲ್ಲುವುದಿಲ್ಲ.

ಮೂರನೆಯದು ಬಾಲ್ ವಾಲ್ವ್. ತೂತಿರುವ ಗುಂಡು ಎರಡು ಟೆಫ್ಲಾನ್ ಸೀಟುಗಳ ನಡುವೆ ತಿರುಗುತ್ತದೆ. ತಿರುಗುವಾಗ ಸೀಟಿನ ಅಂಚು ಗುಂಡಿನ ಮೇಲಿನ ಪೊರೆಯನ್ನು ಕೆರೆದುಕೊಂಡೇ ಹೋಗುತ್ತದೆ. ನೀರಿನಲ್ಲಿ ಥ್ರೆಡ್ ಇಲ್ಲ. ಗಡಸು ನೀರಿಗೆ ನನ್ನ ಆಯ್ಕೆ ಇದು. ಗುಂಡು ಕ್ರೋಮ್ ಹಚ್ಚಿದ ಹಿತ್ತಾಳೆಯದ್ದಕ್ಕಿಂತ 304 ಸ್ಟೇನ್‌ಲೆಸ್ ಸ್ಟೀಲಿನದ್ದಾದರೆ ಮೇಲು, ಯಾಕೆಂದರೆ ಕ್ರೋಮ್ ಎದ್ದ ಜಾಗ ಒರಟಾಗಿ ಸೀಟನ್ನೇ ಕುಯ್ಯುತ್ತದೆ. ಗುಂಡಿನ ಹಿಂದಿನ ಸಂದಿಯಲ್ಲಿ ನೀರು ನಿಲ್ಲದ ಹಾಗೆ ಸೀಟನ್ನು ಅಗಲ ಮಾಡಿ ಆ ಜಾಗ ತುಂಬಿಸಬೇಕು. ಒಂದು ಚೂರು ಟೆಫ್ಲಾನ್ ಜಾಸ್ತಿ ಬೇಕಾಗುತ್ತದೆ, ಅಷ್ಟೇ.

ತಾರಸಿ ಟ್ಯಾಂಕಿನ ಕೆಳಗೆ ಹಾಕುವ ಗೇಟ್ ವಾಲ್ವ್ ಬಗ್ಗೆಯೂ ಕೇಳುತ್ತಾರೆ. ಅದನ್ನೂ ಬಾಲ್ ವಾಲ್ವ್‌ಗೆ ಬದಲಿಸಿಬಿಡಿ. ಗೇಟ್ ವಾಲ್ವ್ ಜಾಮ್ ಆದಮೇಲೆ ಬಲವಂತ ಮಾಡಿದರೆ ಒಳಗಿನ ಬೆಣೆ ಸ್ಪಿಂಡಲ್‌ನಿಂದ ಕಳಚಿಕೊಳ್ಳುತ್ತದೆ.

ತಿರುಗಿಸುವಾಗ ಸ್ಪಿಂಡಲ್ಲೇ ಕಿತ್ತು ಕೈಗೆ ಬರುತ್ತದೆ ಅನ್ನುತ್ತಾರಲ್ಲ, ನಿಜವಾ?

ನಿಜ. ಹಳೇ ಬಗೆಯ ಕಾಕ್‌ನಲ್ಲಿ ಆಗುವುದು ಹೀಗೆ. ಹಿಡಿ ಗಟ್ಟಿಯಾಗಿರುತ್ತದೆ. ಯಾರೋ ಪಾನಾ ಹಾಕಿ ಎಡಕ್ಕೆ ತಿರುಗಿಸುತ್ತಾರೆ. ಸ್ಪಿಂಡಲ್ ಅದನ್ನು ಹಿಡಿದಿರುವ ಮೇಲಿನ ಮುಚ್ಚಳಕ್ಕೆ, ಅಂದರೆ ಬಾನೆಟ್ಟಿಗೆ, ಬೆಸೆದುಕೊಂಡಿರುತ್ತದೆ, ಹಾಗಾಗಿ ಸ್ಪಿಂಡಲ್ ಬದಲು ಬಾನೆಟ್ಟೇ ಬಿಚ್ಚುತ್ತದೆ. ಇನ್ನೆರಡು ಸುತ್ತಿಗೆ ಇಡೀ ತಲೆ ಹೊರಗೆ. ನಮ್ಮ ಮನೆಗಳ ಒತ್ತಡಕ್ಕೆ ಅದು ಬಂದೂಕಿನ ಗುಂಡಿನ ಹಾಗೆ ಹಾರುವುದಿಲ್ಲ. 12 ಮಿಲಿಮೀಟರ್ ಸ್ಪಿಂಡಲ್ ಮೇಲೆ 0.8 ಬಾರ್ ಅಂದರೆ ಸುಮಾರು ಒಂದು ಕೆಜಿ ತೂಕದಷ್ಟು ಬಲ. ಆದರೆ ಸುರಿಯುವ ನೀರಿಗೆ ಎದುರಾಗಿ ಅದನ್ನು ಮತ್ತೆ ಕೂರಿಸಲು ಆಗುವುದಿಲ್ಲ. ಬಿಸಿನೀರಿನ ಲೈನ್ ಆಗಿದ್ದರೆ ಕೈ ಸುಡುತ್ತದೆ. 60 ಡಿಗ್ರಿ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ.

ವಿನ್ಯಾಸದಲ್ಲಿ ಇದಕ್ಕೆ ಒಳ್ಳೆಯ ಪರಿಹಾರ ಇದೆ. ಸ್ಪಿಂಡಲನ್ನು ಹೊರಗಿನಿಂದ ಹಾಕಬಾರದು, ಬಾಡಿಯ ಒಳಗಿನಿಂದ ಹಾಕಬೇಕು. ಒಳತುದಿಗೆ ಒಂದು ಅಗಲದ ಭುಜ ಕೊಡಬೇಕು. ಆಗ ನೀರಿನ ಒತ್ತಡ ಅದನ್ನು ಹೊರಕ್ಕೆ ತಳ್ಳಿದಷ್ಟೂ ಭುಜ ಬಾಡಿಗೆ ಕಚ್ಚಿಕೊಳ್ಳುತ್ತದೆ. ಹಿಡಿ ಬಿಚ್ಚಿದರೂ, ಮೇಲಿನ ನಟ್ ಬಿಚ್ಚಿದರೂ ಸ್ಪಿಂಡಲ್ ಹೊರಬರುವುದಿಲ್ಲ. ಇದಕ್ಕೆ ಎರಡು ಒ-ರಿಂಗ್ ಸೇರಿಸಿ. ಮೇಲಿನದು ಹೋದರೆ ಕೆಳಗಿನದು ಕಾಯುತ್ತದೆ. ರಬ್ಬರ್ ಇಪಿಡಿಎಂ ಆಗಿರಲಿ, ಬಿಸಿನೀರಿಗೆ ಅದು ತಾಳುತ್ತದೆ.

ಕಾಕ್ ಮುರಿಯುವುದೇ ಆದರೆ ಎಲ್ಲಿ ಮುರಿಯಬೇಕು?

ಈ ಪ್ರಶ್ನೆಯನ್ನು ವಿದ್ಯಾರ್ಥಿಯೊಬ್ಬರು ಕೇಳಿದರು. ಇಡೀ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು.

ಬಚ್ಚಲಲ್ಲಿ ಜಾರಿದವರು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ. ಮಕ್ಕಳು ಕಾಕ್ ಮೇಲೆ ಕಾಲಿಟ್ಟು ಬೇಸಿನ್ ಹತ್ತುತ್ತಾರೆ. ಬಕೆಟ್ ತಾಗುತ್ತದೆ. ಗೋಡೆಯಿಂದ ಆಚೆ ಚಾಚಿಕೊಂಡಿರುವ ವಸ್ತು ಒಂದಲ್ಲ ಒಂದು ದಿನ ಪೆಟ್ಟು ತಿನ್ನುತ್ತದೆ. ಈಗಿನ ಬಹುತೇಕ ಕಾಕ್‌ಗಳಲ್ಲಿ ಎಲ್ಲಕ್ಕಿಂತ ದುರ್ಬಲ ಜಾಗ ಗೋಡೆಯೊಳಗೆ ಹೋಗುವ ಥ್ರೆಡ್‌ನ ಬುಡ. ಅಲ್ಲಿ ಮುರಿದರೆ ಮುಚ್ಚುವ ಭಾಗವೇ ಕೈಗೆ ಬಂದಿರುತ್ತದೆ, ನೀರು ಗೋಡೆಯಿಂದ ನೇರ ಚಿಮ್ಮುತ್ತದೆ. ತಾರಸಿಗೆ ಓಡಬೇಕು.

ಹಾಗಾಗಿ ಎರಡು ಕೆಲಸ ಮಾಡಬೇಕು. ಮೊದಲನೆಯದು, ಗುಂಡು ಮತ್ತು ಸೀಟನ್ನು ಆದಷ್ಟು ಗೋಡೆಗೆ ಹತ್ತಿರ ತರಬೇಕು. ಎರಡನೆಯದು, ಗುಂಡಿನ ಆಚೆಯ ಕತ್ತಿನಲ್ಲಿ, ಅಂದರೆ ಕನೆಕ್ಷನ್ ಪೈಪ್ ಕಡೆ, ಬೇಕಂತಲೇ ಒಂದು ತೆಳು ತೋಡು ಕೊರೆಯಬೇಕು. ಪೆಟ್ಟು ಬಿದ್ದರೆ ಅದು ಅಲ್ಲೇ ಮುರಿಯಲಿ. ಗೋಡೆ ಕಡೆಯ ಅರ್ಧ ಗಟ್ಟಿಯಾಗಿ ನಿಂತಿರುತ್ತದೆ, ಹಿಡಿ ಅದಕ್ಕೇ ಅಂಟಿಕೊಂಡಿರುತ್ತದೆ, ತಿರುಗಿಸಿದರೆ ನೀರು ನಿಲ್ಲುತ್ತದೆ. ಲೋಹ ಒಂದು ಗ್ರಾಂ ಜಾಸ್ತಿ ಬೇಡ. ಇರುವ ಲೋಹವನ್ನೇ ಬೇರೆ ಕಡೆ ಹಂಚುವುದು.

ಹಿಡಿ ಹೇಗಿರಬೇಕು?

ಗುಂಡನೆಯ ನುಣುಪು ಹಿಡಿ ಬೇಡ. ಸೋಪಿನ ಕೈಗೆ ಅದು ಜಾರುತ್ತದೆ, ಕೀಲು ನೋವಿರುವವರಿಗೆ ಆಗುವುದೇ ಇಲ್ಲ. ಐದು ಸೆಂಟಿಮೀಟರ್ ಉದ್ದದ ಲಿವರ್ ಸಾಕು. ಅದರ ತುದಿಗೆ 3 ಕೆಜಿ ತೂಕದಷ್ಟು ಬಲ ಬಿದ್ದರೆ ಸುಮಾರು ಒಂದೂವರೆ ನ್ಯೂಟನ್ ಮೀಟರ್ ತಿರುಚು ಬಲ ಸಿಗುತ್ತದೆ. ನಿಮ್ಮ ಕಾಕ್ ಪೊರೆ ಹಿಡಿದ ಮೇಲೂ ಇಷ್ಟರಲ್ಲೇ ತಿರುಗಬೇಕು ಅಂತ ಗುರಿ ಇಟ್ಟುಕೊಳ್ಳಿ.

ನೋಡಿದ ಕೂಡಲೇ ಗೊತ್ತಾಗಬೇಕು. ಲಿವರ್ ನೀರಿನ ದಾರಿಗೆ ನೆಟ್ಟಗಿದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಆಂಗಲ್ ಕಾಕ್‌ನಲ್ಲಿ ನೀರು ಮೂಲೆ ತಿರುಗುವುದರಿಂದ ಈ ಗುರುತು ಗೊಂದಲ ಮಾಡಬಹುದು. ಅದಕ್ಕೆ ಬಾಡಿ ಮೇಲೆ ಸಣ್ಣ ಕಿಟಕಿ ಕೊಟ್ಟು, ಮುಚ್ಚಿದಾಗ ಕೆಂಪು, ತೆರೆದಾಗ ಹಸಿರು ಕಾಣುವ ಹಾಗೆ ಮಾಡಿ. ಬಣ್ಣ ಗುರುತಿಸಲಾಗದವರೂ ಇರುತ್ತಾರೆ, ಹಾಗಾಗಿ ‘ಮುಚ್ಚಿದೆ’ ಅಂತ ಕನ್ನಡದಲ್ಲೇ ಉಬ್ಬು ಅಕ್ಷರ ಇರಲಿ. ಬೆರಳಿಗೂ ಗೊತ್ತಾಗುತ್ತದೆ.

ಹಿತ್ತಾಳೆಯದ್ದೋ, ಸ್ಟೀಲೋ, ಪ್ಲಾಸ್ಟಿಕ್ಕೋ?

ಮೊದಲು ಹಿತ್ತಾಳೆ ಅಂತ ಮಾರುವುದು ಹಿತ್ತಾಳೆಯೇ ಅಂತ ನೋಡಿಕೊಳ್ಳಿ. ಸತುವಿನ ಮಿಶ್ರಲೋಹದ ಮೇಲೆ ಕ್ರೋಮ್ ಹಾಕಿದರೆ ಹೊರಗಿನಿಂದ ಎರಡೂ ಒಂದೇ. ಆಯಸ್ಕಾಂತ ಹಿಡಿದರೂ ಉಪಯೋಗವಿಲ್ಲ, ಎರಡೂ ಅಂಟುವುದಿಲ್ಲ. ಒಳಗಿನ ಥ್ರೆಡ್ ನೋಡಿ. ಹಳದಿ ಇದ್ದರೆ ಹಿತ್ತಾಳೆ, ಬೂದು ಬಿಳಿ ಇದ್ದರೆ ಸತು. ಕೈಯಲ್ಲಿ ತೂಗಿದರೂ ಸತುವಿನದು ಹಗುರ. ಗೋಡೆಯ ಥ್ರೆಡ್‌ನಲ್ಲಿ ಮಟ್ಟಸವಾಗಿ ಮುರಿದು ಒಳಗೇ ಉಳಿಯುವುದು ಹೆಚ್ಚಾಗಿ ಇದೇ.

ಹಿತ್ತಾಳೆಗೂ ಒಂದು ಕಾಯಿಲೆ ಇದೆ. ಉಪ್ಪಿನಂಶ ಜಾಸ್ತಿ ಇರುವ ನೀರಿನಲ್ಲಿ ಅದರೊಳಗಿನ ಸತು ಕರಗಿ ಹೋಗಿ ತಾಮ್ರ ಮಾತ್ರ ಉಳಿಯುತ್ತದೆ. ಆ ಜಾಗ ನಸುಗೆಂಪಾಗಿ, ತೂತು ತೂತಾಗಿ, ಒತ್ತಿದರೆ ಪುಡಿಯಾಗುತ್ತದೆ. ಇದನ್ನು ತಡೆಯಲು ಸ್ವಲ್ಪ ಆರ್ಸೆನಿಕ್ ಸೇರಿಸಿದ ಡಿಜೆಡ್‌ಆರ್ ಹಿತ್ತಾಳೆ ಬರುತ್ತದೆ. ವಿನ್ಯಾಸಕ್ಕೆ ಅದನ್ನೇ ಆರಿಸಿ. ಕುಡಿಯುವ ನೀರಿನ ಲೈನ್ ಆದರೆ ಸೀಸ ಕಡಿಮೆ ಇರುವುದನ್ನೇ ಕೇಳಿ. ಕುಡಿಯುವ ನೀರಿನಲ್ಲಿ ಸೀಸಕ್ಕೆ ಐಎಸ್ 10500 ಹಾಕಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ.

ಒಳ್ಳೆ ಪ್ಲಾಸ್ಟಿಕ್ ಕಾಕ್ ತಣ್ಣೀರಿಗೆ, ಕಡಿಮೆ ಒತ್ತಡಕ್ಕೆ ಪರವಾಗಿಲ್ಲ. ಗೀಸರ್ ಹತ್ತಿರ ಬೇಡ.

ಪೈಪ್ ಒಡೆದರೆ ತಾನೇ ಮುಚ್ಚಿಕೊಳ್ಳುವ ಕಾಕ್ ಮಾಡಬಹುದಾ?

ಮಾಡಬಹುದು, ಹೊರದೇಶಗಳಲ್ಲಿ ಸಿಗುತ್ತದೆ ಕೂಡ. ಒಳಗೆ ಸ್ಪ್ರಿಂಗ್ ಹಿಡಿದ ಸಣ್ಣ ಗುಂಡು ಇರುತ್ತದೆ. ನೀರು ಮಿತಿ ಮೀರಿ ಹರಿದರೆ ಆ ರಭಸವೇ ಗುಂಡನ್ನು ತಳ್ಳಿ ದಾರಿ ಮುಚ್ಚಿಸುತ್ತದೆ. ಆದರೆ ಅದನ್ನು ಹಾಗೇ ತಂದು ನಮ್ಮ ಮನೆಗೆ ಹಾಕಿದರೆ ಕೆಲಸ ಮಾಡುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಅಲ್ಲಿನ ಮನೆಗಳಲ್ಲಿ ಒತ್ತಡ 3 ಬಾರ್ ಆಸುಪಾಸು. ಪೈಪ್ ಒಡೆದರೆ ನಿಮಿಷಕ್ಕೆ 35 ಲೀಟರ್ ಹತ್ತಿರ ಹರಿಯುತ್ತದೆ. ಮಾಮೂಲಿ ಬಳಕೆ ಏಳೆಂಟು ಲೀಟರ್. ಎರಡರ ನಡುವೆ ದೊಡ್ಡ ಅಂತರ ಇದೆ, ಹಾಗಾಗಿ ಸ್ಪ್ರಿಂಗಿಗೆ ವ್ಯತ್ಯಾಸ ಗೊತ್ತಾಗುತ್ತದೆ. ನಮ್ಮ ಕೆಳಮನೆಯಲ್ಲಿ ಒಡೆದರೂ 18 ಲೀಟರ್. ಇನ್ನು ಮೇಲಂತಸ್ತಿನಲ್ಲಿ, ಟ್ಯಾಂಕಿನ ನೇರ ಕೆಳಗೆ, ಎರಡೂವರೆ ಮೀಟರ್ ಒತ್ತಡಕ್ಕೆ ಒಡೆದ ಪೈಪಿನಿಂದ ಬರುವುದು ಹತ್ತು ಲೀಟರ್ ಅಷ್ಟೇ. ಕೆಳಗೆ ಬಕೆಟ್ ತುಂಬಿಸುವಾಗ ಹರಿಯುವುದೂ ಹೆಚ್ಚುಕಡಿಮೆ ಅಷ್ಟೇ! ಒಂದೇ ಸ್ಪ್ರಿಂಗ್ ಎರಡೂ ಕಡೆಗೆ ಸರಿಹೋಗುವುದಿಲ್ಲ. ಹಗುರ ಸ್ಪ್ರಿಂಗ್ ಹಾಕಿ, ಅದನ್ನು ಹೊರಗಿನಿಂದ ಅಂತಸ್ತಿಗೆ ತಕ್ಕ ಹಾಗೆ ಹೊಂದಿಸಲು ಬರುವಂತೆ ಮಾಡಬೇಕು. ಪೊರೆ ಹಿಡಿಯದಂತೆ ಆಗಾಗ ಅಲ್ಲಾಡಿಸಲೂ ಬರಬೇಕು. ನಿಜಕ್ಕೂ ಕೂತು ಕೆಲಸ ಮಾಡಬೇಕಾದ ಜಾಗ ಇದು. ಯುಬಿಡಿಟಿ, ಬಿಐಇಟಿ, ಚಿತ್ರದುರ್ಗದ ಎಸ್‌ಜೆಎಂ ಅಂತಹ ಕಾಲೇಜುಗಳಲ್ಲಿ ಕೊನೆ ವರ್ಷದ ಪ್ರಾಜೆಕ್ಟ್ ಹುಡುಕುವವರು ಇದನ್ನು ಕೈಗೆತ್ತಿಕೊಂಡರೆ ನನಗೆ ಬಹಳ ಸಂತೋಷ.

ಒಂದು ಮಾತು ನೆನಪಿರಲಿ. ಸಣ್ಣಗೆ ತೊಟ್ಟಿಕ್ಕುವುದನ್ನು ಇದು ತಡೆಯುವುದಿಲ್ಲ.

ಸೆನ್ಸರ್ ಹಾಕಿ ಮೋಟರ್‌ನಿಂದ ಮುಚ್ಚಿಸಿದರೆ?

ಒಳ್ಳೆಯದೇ. ಸೊಲೆನಾಯ್ಡ್ ವಾಲ್ವ್ (ವಿದ್ಯುತ್ ಆಯಸ್ಕಾಂತದಿಂದ ತೆರೆದು ಮುಚ್ಚುವುದು) ಆರಿಸಬೇಡಿ. ಸಾಮಾನ್ಯವಾಗಿ ಸಿಗುವ ಪೈಲಟ್ ಬಗೆಯದ್ದು ತೆರೆಯಲು ಸ್ವಲ್ಪವಾದರೂ ನೀರಿನ ಒತ್ತಡ ಬೇಡುತ್ತದೆ, ಟ್ಯಾಂಕಿನ ಕೆಳಗೆ ಅದು ತಿಣುಕುತ್ತದೆ. ಮೋಟರ್ ಹಾಕಿದ ಬಾಲ್ ವಾಲ್ವ್ ಸರಿ. ಕರೆಂಟ್ ಇಲ್ಲದಾಗ ಕೈಯಿಂದ ತಿರುಗಿಸಲು ಹಿಡಿ ಇರಲೇಬೇಕು. ಹಿಡಿ ಇಲ್ಲದಿದ್ದರೆ ತೆಗೆದುಕೊಳ್ಳಬೇಡಿ.

ಕಾಲು ಸುತ್ತಿನ ಕಾಕ್‌ನಿಂದ ವಾಟರ್ ಹ್ಯಾಮರ್ ಆಗಿ ಪೈಪ್ ಒಡೆಯುತ್ತದಾ?

ಹರಿಯುವ ನೀರನ್ನು ತಟ್ಟನೆ ನಿಲ್ಲಿಸಿದರೆ ಒತ್ತಡ ಏರುತ್ತದೆ. ರಷ್ಯಾದ ಝುಕೋವ್‌ಸ್ಕಿ 1898ರಲ್ಲಿ ಇದಕ್ಕೆ ಸೂತ್ರ ಕೊಟ್ಟ. ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಕ್ಷಣಾರ್ಧದಲ್ಲಿ ನಿಂತರೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನಲ್ಲಿ ಸುಮಾರು 12 ಬಾರ್, ಪ್ಲಾಸ್ಟಿಕ್ ಪೈಪಿನಲ್ಲಿ 4ರಿಂದ 5 ಬಾರ್ ಏರುತ್ತದೆ. ಆದರೆ ಹತ್ತು ಮೀಟರ್ ಪೈಪಿನಲ್ಲಿ ಆ ಅಲೆ ಹೋಗಿ ಬರುವುದಕ್ಕೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗವೂ ಬೇಡ. ಕೈಯಿಂದ ಮುಚ್ಚುವುದು ಅದಕ್ಕಿಂತ ನಿಧಾನ. ಹಾಗಾಗಿ ಟ್ಯಾಂಕಿನ ನೀರಿಗೆ ಇದು ದೊಡ್ಡ ಭಯವಲ್ಲ. ಪ್ರೆಶರ್ ಪಂಪ್ ಇರುವ ಮನೆಗೆ ಗುಂಡಿನ ತೂತಿನ ಅಂಚನ್ನು ಇಂಗ್ಲಿಷಿನ ವಿ ಅಕ್ಷರದ ಹಾಗೆ ಕೊರೆದರೆ ನೀರು ಕ್ರಮೇಣ ಕಡಿಮೆಯಾಗುತ್ತದೆ.

ಗೀಸರ್, ಸೋಲಾರ್ ಹತ್ತಿರ ಕಾಕ್ ಹಾಕುವಾಗ ಏನು ನೋಡಬೇಕು?

ಇಲ್ಲಿ ತಪ್ಪಾದರೆ ಜೀವಕ್ಕೆ ಅಪಾಯ. ನೀರು 25ರಿಂದ 75 ಡಿಗ್ರಿಗೆ ಏರಿದರೆ ನೂರಕ್ಕೆ ಎರಡು ಪಾಲಿಗಿಂತ ಸ್ವಲ್ಪ ಜಾಸ್ತಿ ಹಿಗ್ಗುತ್ತದೆ. 15 ಲೀಟರಿನ ಗೀಸರ್‌ನಲ್ಲಿ ಅದು ಲೀಟರಿನ ಮೂರನೇ ಒಂದು ಭಾಗ. ಆ ನೀರು ಎಲ್ಲಾದರೂ ಹೋಗಲೇಬೇಕು. ಅದಕ್ಕೇ ಗೀಸರ್ ಜೊತೆ ಸೇಫ್ಟಿ ವಾಲ್ವ್ ಬರುತ್ತದೆ. ಗೀಸರ್ ಮತ್ತು ಆ ಸೇಫ್ಟಿ ವಾಲ್ವ್ ನಡುವೆ ಯಾವ ಕಾಕ್ ಕೂಡ ಹಾಕಬಾರದು. ಕಾಕ್ ಏನಿದ್ದರೂ ಸೇಫ್ಟಿ ವಾಲ್ವ್‌ಗಿಂತ ಮೊದಲು, ತಣ್ಣೀರಿನ ಕಡೆ. ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತದೆ ಅಂತ ಅದರ ಬಾಯಿಗೆ ಡಮ್ಮಿ ಹಾಕಿ ಮುಚ್ಚುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡಲು ಬಿಡಲೂ ಬೇಡಿ. ಸೋಲಾರ್‌ನ ಗಾಳಿ ಪೈಪಿಗೂ ಕಾಕ್ ಬೇಡ.

ಕೂರಿಸುವಾಗ ಪ್ಲಂಬರ್‌ಗೆ ಏನು ಹೇಳಬೇಕು?

ಟೆಫ್ಲಾನ್ ಟೇಪನ್ನು ಥ್ರೆಡ್ ಬಿಗಿಯಾಗುವ ದಿಕ್ಕಿಗೇ ಸುತ್ತಬೇಕು. ಗೋಡೆಯೊಳಗೆ ಹಿತ್ತಾಳೆ ಥ್ರೆಡ್ ಇರುವ ಎಲ್ಬೋ ಹಾಕಿಸಿ, ಬರೀ ಪ್ಲಾಸ್ಟಿಕ್ ಥ್ರೆಡ್ ಬೇಡ. ಬಿಗಿ ಮಾಡುವಾಗ ಪಾನಾ ಕಾಕ್‌ನ ಚಪ್ಪಟೆ ಮುಖಕ್ಕೆ ಬೀಳಬೇಕು. ಹಿಡಿಗೋ ಬಾಯಿಗೋ ಹಾಕಿ ತಿರುಚಬಾರದು. ಬಹಳ ಕಾಕ್‌ಗಳಲ್ಲಿ ಈ ಚಪ್ಪಟೆ ಮುಖವೇ ಇರುವುದಿಲ್ಲ, ಗೋಡೆಗೆ ಒರಗುವ ದುಂಡನೆಯ ತಟ್ಟೆ (ಫ್ಲ್ಯಾಂಜ್) ಅಂದವಾಗಿ ಕೂರಲಿ ಅಂತ ಬಿಟ್ಟಿರುತ್ತಾರೆ. ವಿನ್ಯಾಸ ಮಾಡುವವರು ಇದನ್ನು ಬಿಡಬೇಡಿ. ಜಾಲರಿ ಇಡುವುದಾದರೆ ಗುಂಡಿನ ಆಚೆ ಕಡೆ ಇಡಿ. ಆಗ ಕಾಕ್ ಮುಚ್ಚಿ ಜಾಲರಿ ಬಿಚ್ಚಿ ತೊಳೆಯಬಹುದು.

ಹೆಲ್ತ್ ಫಾಸೆಟ್ ಪೈಪ್ ಯಾಕೆ ಪದೇ ಪದೇ ಒಡೆಯುತ್ತದೆ?

ಆಂಗಲ್ ಕಾಕ್ ಯಾವಾಗಲೂ ತೆರೆದಿಡುವುದರಿಂದ. ಆ ಪೈಪು ಹಗಲು ರಾತ್ರಿ ಒತ್ತಡದಲ್ಲೇ ಇರುತ್ತದೆ. ಜೊತೆಗೆ ಟಾಯ್ಲೆಟ್ ತೊಳೆಯುವ ಆಸಿಡ್ಡಿನ ಹಬೆ ಸ್ಟೀಲ್ ಹೆಣಿಗೆಯನ್ನು ತಿನ್ನುತ್ತದೆ. ಹೆಣಿಗೆಯಲ್ಲಿ ತುಕ್ಕಿನ ಚುಕ್ಕೆ ಕಂಡರೆ ಪೈಪ್ ಬದಲಿಸಿ. ಬಳಸಿದ ಮೇಲೆ ಕಾಕ್ ಮುಚ್ಚುವುದು ಅಭ್ಯಾಸ ಮಾಡಿಕೊಳ್ಳಿ.

ಹಳೇ ಕಾಕ್ ತಿರುಗುತ್ತಲೇ ಇಲ್ಲ. ಏನು ಮಾಡಲಿ?

ಪಾನಾ ಹಾಕಬೇಡಿ. ಮೊದಲು ತಾರಸಿಯಲ್ಲಿ ನೀರು ಮುಚ್ಚಿ, ಕೆಳಗಿನ ನಲ್ಲಿ ತೆರೆದು ಪೈಪ್ ಖಾಲಿ ಮಾಡಿ. ಬಟ್ಟೆಯನ್ನು ವಿನೆಗರ್‌ನಲ್ಲಿ ನೆನೆಸಿ ಸ್ಪಿಂಡಲ್ ಸುತ್ತ ಒಂದೆರಡು ಗಂಟೆ ಕಟ್ಟಿಡಿ. ಆಮೇಲೆ ಕೈಯಿಂದಲೇ ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ. ಬಂದರೆ ಬಂತು. ಬರದಿದ್ದರೆ ಬದಲಿಸಿ. ಸರಿಯಿರುವ ಕಾಕ್‌ಗಳನ್ನು ಎರಡು ತಿಂಗಳಿಗೊಮ್ಮೆ ಮುಚ್ಚಿ ತೆರೆಯಿರಿ. ಪೊರೆ ಗಟ್ಟಿಯಾಗುವುದಕ್ಕೆ ಸಮಯ ಸಿಗುವುದಿಲ್ಲ. ಮನೆಯ ಎಲ್ಲರಿಗೂ, ಮಕ್ಕಳಿಗೂ, ಯಾವ ಕಾಕ್ ಎಲ್ಲಿದೆ ಅಂತ ಒಮ್ಮೆ ತೋರಿಸಿ.

ದಿನದ 24 ಗಂಟೆ ನೀರು ಬಂದರೆ ಏನು ಬದಲಾಗುತ್ತದೆ?

ದಾವಣಗೆರೆ, ಹರಿಹರಗಳಲ್ಲಿ ಜಲಸಿರಿ ಯೋಜನೆಯಡಿ ಇದರ ಕೆಲಸ ಕೈಗೆತ್ತಿಕೊಂಡಿದ್ದಾರೆ. ಟ್ಯಾಂಕಿನ ನೀರು ಸೋರಿದರೆ ಸಾವಿರ ಲೀಟರಿಗೆ ನಿಲ್ಲುತ್ತದೆ. ನೇರ ಲೈನ್ ಸೋರಿದರೆ ಯಾರಾದರೂ ಮುಚ್ಚುವವರೆಗೆ ನಿಲ್ಲುವುದಿಲ್ಲ, ಮೀಟರ್ ಓಡುತ್ತಲೇ ಇರುತ್ತದೆ. ನೇರ ಲೈನಿಗೆ ಸೇರಿದ ಕಾಕ್‌ಗಳನ್ನು ಮೊದಲು ಬದಲಿಸಿ.

ಮಾದರಿ ಮಾಡಿದ್ದೇವೆ. ಹೇಗೆ ಪರೀಕ್ಷಿಸುವುದು?

ಒಡೆಯುತ್ತದಾ ಅಂತ ನೋಡಲು ಕೈಪಂಪಿನಿಂದ ನೀರು ತುಂಬಿಸಿ 20 ಬಾರ್‌ವರೆಗೆ ಏರಿಸಿ. ಗಾಳಿ ತುಂಬಿಸಿ ಪರೀಕ್ಷೆ ಮಾಡಬೇಡಿ, ಒಡೆದರೆ ಚೂರು ಸಿಡಿಯುತ್ತದೆ. ಆದರೆ ಮುಖ್ಯ ಪರೀಕ್ಷೆ ಬೇರೆ ಇದೆ. ಚಳ್ಳಕೆರೆ ಕಡೆಯ ಬೋರ್ ನೀರು ತನ್ನಿ. 60ರಿಂದ 70 ಡಿಗ್ರಿಗೆ ಕಾಯಿಸಿ ಕಾಕ್ ಒಳಗೆ ನಿಲ್ಲಿಸಿ, ಆರಿಸಿ, ಮತ್ತೆ ತುಂಬಿಸಿ. ವಾರಗಟ್ಟಲೆ ಹೀಗೇ ಮಾಡಿ, ಮಧ್ಯೆ ಹಿಡಿ ಮುಟ್ಟಬೇಡಿ. ಆಮೇಲೆ ಲಿವರ್ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ಮುಳ್ಳು 3 ಕೆಜಿ ದಾಟುವ ಮೊದಲು ತಿರುಗಿತಾ? ತಿರುಗಿದ ಮೇಲೆ ಪೂರ್ತಿ ನಿಂತಿತಾ? ಪಕ್ಕದಲ್ಲಿ ಅಂಗಡಿಯ ಕಾಕ್ ಒಂದನ್ನೂ ಇದೇ ಪರೀಕ್ಷೆಗೆ ಇಟ್ಟು ಹೋಲಿಸಿ. ಕೊನೆಗೆ ಮನೆಯ ಹಿರಿಯರ ಕೈಗೆ ಕೊಟ್ಟು ಕಣ್ಣು ಮುಚ್ಚಿ ಮುಚ್ಚಿಸಿ ನೋಡಿ.

ಮಾದರಿ ಮಾಡಿಸಲು ಬೆಂಗಳೂರಿಗೇ ಹೋಗಬೇಕಾಗಿಲ್ಲ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡುತ್ತಿತ್ತು. ಆ ಕಾರ್ಖಾನೆಯಿಂದಾಗಿ ಲೋಹದ ಕೆಲಸ ಬಲ್ಲ ಕೈಗಳು ಈ ಸೀಮೆಯಲ್ಲಿ ಬೆಳೆದವು. ನೀರು ತಡೆದು ಬಿಡುವ ವಿದ್ಯೆಯೂ ಇಲ್ಲಿಗೆ ಹೊಸದಲ್ಲ. ಸೂಳೆಕೆರೆಯ ಸಿದ್ದ ನಾಲೆ, ಬಸವ ನಾಲೆಗಳಿಗೆ ತೂಬಿನಿಂದ ನೀರು ಬಿಡುತ್ತಾ ಬಂದ ಊರುಗಳಿವು.

ಪೇಟೆಂಟ್ ಸಿಗುತ್ತದಾ?

ಹೊಸದಾಗಿ ಕೆಲಸ ಮಾಡುವ ಅಂಶ ಇದ್ದರೆ ಸಿಗಬಹುದು. ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು. ಕರ್ನಾಟಕದವರಿಗೆ ಚೆನ್ನೈ ಕಚೇರಿ. ಆಕಾರ ಮಾತ್ರ ಹೊಸದಾದರೆ ಡಿಸೈನ್ ನೋಂದಣಿ ಸಾಕು, ಅದು 10 ವರ್ಷ, ಇನ್ನೂ 5 ವರ್ಷ ವಿಸ್ತರಿಸಬಹುದು. ಕಾಲೇಜಿನ ಪ್ರದರ್ಶನದಲ್ಲಿ ಇಡುವ ಮೊದಲು, ವಿಡಿಯೊ ಹಾಕುವ ಮೊದಲು ಅರ್ಜಿ ಸಲ್ಲಿಸಿ. ಮೊದಲೇ ಎಲ್ಲರಿಗೂ ತೋರಿಸಿಬಿಟ್ಟರೆ ಅದು ಹೊಸದು ಅನ್ನುವ ಹಕ್ಕು ಹೋಗುವ ಅಪಾಯ ಇದೆ.